ಉಗ್ರಾಣಕ್ಕೊಂದು ಬೆಕ್ಕಿನ ಕಂಡಿ

ರಾಗಿ ಕುಯ್ದು, ಮೆದೆ ಹಾಕಿ, ಬಡಿದು, ತೂರಿ, ಒಣಗಿಸಿ ಚೀಲ ಕಟ್ಟೋ ತನಕ ನಮಗೆ ಇರೋ ಎಚ್ಚರ, ಚೀಲ ಒಳಗೆ ಪೇರಿಸಿ ಬೀಗ ಹಾಕಿದ ಮೇಲೆ ಇರೋದಿಲ್ಲ. ಬೀಗದ ಒಳಗಿರೋದೆಲ್ಲ ನಮ್ಮದೇ ಅನ್ನೋ ಧೈರ್ಯ. ಮೂರು ತಿಂಗಳು ಕಳೆದು ಅಡಿ ಸಾಲಿನ ಚೀಲ ಎತ್ತಿದ್ರೆ ಮೂಲೆಯಲ್ಲಿ ತೂತು, ನೆಲದ ಮೇಲೆ ಹೊಟ್ಟು, ಹಿಕ್ಕೆ, ಮೂಗಿಗೆ ಬಡಿಯೋ ಉಚ್ಚೆ ವಾಸನೆ. ಹಾಗಂತ ಆ ಮನೆಯಲ್ಲಿ ಬೆಕ್ಕಿಲ್ಲ ಅಂತೇನಲ್ಲ. ಬೆಕ್ಕಿದೆ. ಉಗ್ರಾಣದ ಹೊರಗೆ, ಮುಚ್ಚಿದ ಬಾಗಿಲ ಮುಂದೆ ಕೂತಿದೆ.

ನಮ್ಮದು ಕೊಡ್ಲಿಪೇಟೆ ಹೋಬಳಿ. ಕೊಡಗು ಅಂದ ತಕ್ಷಣ ಕಾಫಿ, ಕಿತ್ತಳೆ ನೆನಪಾಗುತ್ತೆ. ಹಾಸನ ಗಡಿಗೆ ಅಂಟಿಕೊಂಡಿರೋ ನಮ್ಮ ಕಡೆ ಮಳೆ ನಂಬಿದ ಹೊಲಗಳೂ ಉಂಟು. ರಾಗಿ, ಜೋಳ, ಅವರೆ, ಹುರುಳಿ. ಇವೆಲ್ಲ ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಕೂರೋ ಮಾಲು. ಮುಸುಕಿನ ಜೋಳಕ್ಕೆ ದರ ಬರಲಿ ಅಂತ ಕಾದಷ್ಟೂ ದಿನ ಇಲಿಗೆ ಊಟ.

ಹಿಂದೆ ಬೆಕ್ಕಿಗೆ ದಾರಿ ಮಾಡಿಕೊಡಬೇಕು ಅಂತ ಯಾರೂ ಯೋಚಿಸುತ್ತಿರಲಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹೆಂಚು ಘಟ್ಟ ಹತ್ತಿ ಮಲೆನಾಡಿನ ಉದ್ದಗಲಕ್ಕೂ ಹರಡಿತು. ಹೆಂಚಿನ ಮನೆಯಲ್ಲಿ ಗೋಡೆಯ ತಲೆಗೂ ಪಕಾಸಿಗೂ ನಡುವೆ ಸಂದು ಇದ್ದೇ ಇರುತ್ತೆ. ಬೆಕ್ಕು ಪಕ್ಕದ ಪೇರಳೆ ಮರ ಹತ್ತಿ, ಸೂರಿಗೆ ಹಾರಿ, ಆ ಸಂದಿನಲ್ಲಿ ತೂರಿ ಅಟ್ಟಕ್ಕೆ ಇಳೀತಿತ್ತು. ಇಲಿ ಬರೋ ದಾರಿಯೂ ಅದೇ, ಬೆಕ್ಕು ಬರೋ ದಾರಿಯೂ ಅದೇ. ಕೆಲವು ಹಳೇ ಮನೆಗಳಲ್ಲಿ ಕಣಜದ ಕೋಣೆಯ ಬಾಗಿಲ ಬುಡದಲ್ಲಿ ಹಲಗೆಯ ಮೂಲೆ ಕತ್ತರಿಸಿ ಬಿಟ್ಟಿರೋದೂ ಉಂಟು.

ಈಗ ನಾವು ಕಟ್ಟೋದು ಆರ್‌ಸಿಸಿ. ಮೇಲೆ ಸಂದಿಲ್ಲ. ಕಿಟಕಿಗೆ ಸೊಳ್ಳೆ ಜಾಲರಿ. ಬಾಗಿಲು ಕಬ್ಬಿಣದ್ದು, ಇಲ್ಲಾಂದ್ರೆ ಶಟರು. ಬೆಕ್ಕಿನ ದಾರಿ ಪೂರಾ ಮುಚ್ಚಿಹೋಯ್ತು. ಇಲಿಯ ದಾರಿ ಮುಚ್ಚಿತಾ? ಶಟರಿನ ಕೆಳಗೆ ಅರ್ಧ ಅಂಗುಲ ಸಂದಿದ್ರೆ ಇಲಿಗೆ ಅದೇ ಹೆಬ್ಬಾಗಿಲು. ಸಣ್ಣಿಲಿಗೆ ಕಾಲಂಗುಲ ಸಾಕು, ತಲೆಬುರುಡೆ ತೂರಿದ್ರೆ ಮೈ ತಾನಾಗಿ ತೂರುತ್ತೆ. ಅಂದ್ರೆ ನಾವು ದುಡ್ಡು ಸುರಿದು ಕಟ್ಟಿದ ಉಗ್ರಾಣ ಕಾವಲುಗಾರನನ್ನ ಹೊರಗಿಟ್ಟು ಕಳ್ಳನನ್ನ ಒಳಗೆ ಬಿಟ್ಟುಕೊಂಡಿದೆ.

ಲೆಕ್ಕ ಹಾಕಿ ನೋಡಿ. ಒಂದು ಮನೆ ಇಲಿ ದಿನಕ್ಕೆ ಹದಿನೈದರಿಂದ ಇಪ್ಪತ್ತು ಗ್ರಾಂ ಕಾಳು ತಿನ್ನುತ್ತೆ. ಹತ್ತು ಇಲಿ ಅಂದ್ರೆ ದಿನಕ್ಕೆ 200 ಗ್ರಾಂ, ಮೂರು ತಿಂಗಳಿಗೆ 18 ಕಿಲೋ. ಇದು ಹೊಟ್ಟೆಗೆ ಹೋಗಿದ್ದು. ಚೆಲ್ಲಿದ್ದು, ಉಚ್ಚೆಯಿಂದ ಕೆಟ್ಟಿದ್ದು, ಹರಿದ ಚೀಲ ಬೇರೆ. ಹೆಣ್ಣಿಲಿ ಗಬ್ಬ ಹೊರೋದು ಮೂರೇ ವಾರ. ಒಂದು ಸೂಲಿಗೆ ಐದಾರು ಮರಿ ಸಾಮಾನ್ಯ. ಆ ಮರಿಗಳು ಎರಡು ಮೂರು ತಿಂಗಳಲ್ಲಿ ಮತ್ತೆ ಮರಿ ಹಾಕೋಕೆ ತಯಾರು. ಇಲಿಯ ಉಚ್ಚೆಯಿಂದ ಇಲಿಜ್ವರ ಬರುತ್ತೆ ಅನ್ನೋದನ್ನೂ ಮರೆಯಬಾರದು. ಕೈ ಕಾಲಿಗೆ ಗಾಯ ಇಟ್ಟುಕೊಂಡು ಬರಿಗೈಲಿ ಅಂಥ ಚೀಲ ಎತ್ತೋದು ಒಳ್ಳೇದಲ್ಲ.

ವಿಷದ ಮಾತು

ಬೀಗ ಹಾಕಿದ ಉಗ್ರಾಣಕ್ಕೆ ಸುಲಭದ ದಾರಿ ಅಂತ ಜನ ಹಿಡಿಯೋದು ವಿಷವನ್ನ. ಅಂಗಡಿಯಲ್ಲಿ ಸಿಗೋದು ಮುಖ್ಯವಾಗಿ ಎರಡು ಥರ. ಜಿಂಕ್ ಫಾಸ್ಫೈಡ್ ಕಪ್ಪು ಪುಡಿ, ಬೆಳ್ಳುಳ್ಳಿ ವಾಸನೆ. ಇಲಿಯ ಹೊಟ್ಟೆಯಲ್ಲಿ ಅರಗದೆ ಉಳಿದ ವಿಷ ಬೆಕ್ಕಿನ ಹೊಟ್ಟೆಗೆ ಹೋದ್ರೆ ಅದಕ್ಕೆ ಪ್ರತಿಮದ್ದಿಲ್ಲ. ಇನ್ನೊಂದು ಬ್ರೋಮಾಡಿಯೋಲೋನ್ ಬಿಲ್ಲೆ. ಅದು ತಿಂದ ಇಲಿ ತಕ್ಷಣ ಸಾಯೋದಿಲ್ಲ, ನಾಲ್ಕೈದು ದಿನ ಮಂಕಾಗಿ ಓಡಾಡ್ತಾ ಇರುತ್ತೆ. ಮಂಕಾದ ಇಲಿ ಬೆಕ್ಕಿಗೆ ಸುಲಭದ ಬೇಟೆ. ವಿಷ ಇಲಿಯ ಈಲಿಯಲ್ಲಿ ಕೂತಿರುತ್ತೆ. ಅಂಥ ಎರಡು ಮೂರು ಇಲಿ ತಿಂದ ಬೆಕ್ಕು ಒಂದು ವಾರದೊಳಗೆ ಒಳಗೊಳಗೇ ರಕ್ತ ಸೋರಿ ಸಾಯಬಹುದು. ಇದಕ್ಕಾದ್ರೂ ವಿಟಮಿನ್ ಕೆ1 ಔಷಧಿ ಇದೆ. ಆದ್ರೆ ಬೇಗ ಗೊತ್ತಾಗಬೇಕು, ಪಶುವೈದ್ಯರ ಹತ್ತಿರ ತಲುಪಬೇಕು.

ನಮ್ಮ ಕೇರಿಯಲ್ಲಿ ಒಂದೇ ಬೇಸಿಗೆಯಲ್ಲಿ ಮೂರು ಬೆಕ್ಕು ಹೋದುವು. ಬಿಲ್ಲೆ ಇಟ್ಟವರ ಮನೆಯದ್ದು ಒಂದೇ, ಮಿಕ್ಕ ಎರಡು ಅಕ್ಕಪಕ್ಕದವರದ್ದು. ಆಮೇಲೆ ಮಳೆಗಾಲ ಮುಗಿಯೋ ಹೊತ್ತಿಗೆ ಆ ಕೇರಿಯ ಇಲಿಗಳಿಗೆ ಹೇಳೋರು ಕೇಳೋರು ಇಲ್ಲ.

ಕಾಳಿನ ಹುಳಕ್ಕೆ ಅಂತ ಇಡೋ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಂತೂ ಮನೆ ಜನ ಮುಟ್ಟೋ ವಸ್ತುವೇ ಅಲ್ಲ. ಅದರ ಹೊಗೆ ಬೆಕ್ಕು, ಇಲಿ, ಮನುಷ್ಯ ಅಂತ ಭೇದ ನೋಡೋದಿಲ್ಲ. ವಾಸದ ಮನೆಗೆ ಅಂಟಿಕೊಂಡ ಕೋಣೆಯಲ್ಲಿ ಅದನ್ನ ಇಡಲೇಬಾರದು. ಬೆಕ್ಕಿನ ಕಂಡಿ ಇರೋ ಕೋಣೆಯಲ್ಲಂತೂ ಮಾತೇ ಇಲ್ಲ.

ಹಾಗಾಗಿ ವಿಷ, ಬೆಕ್ಕು ಎರಡರಲ್ಲಿ ಒಂದನ್ನ ಆರಿಸಿಕೊಳ್ಳಬೇಕು. ಎರಡನ್ನೂ ಇಟ್ಟುಕೊಂಡ್ರೆ ಕೊನೆಗೆ ಉಳಿಯೋದು ಇಲಿ.

ಬೆಕ್ಕಿನಿಂದ ಆಗೋದು, ಆಗದ್ದು

ಬೆಕ್ಕು ಮನುಷ್ಯನ ಹತ್ತಿರ ಬಂದಿದ್ದೇ ಕಾಳಿನ ಗುಡ್ಡೆ ಹುಡುಕಿಕೊಂಡು, ಅಂದ್ರೆ ಅಲ್ಲಿ ಸೇರೋ ಇಲಿ ಹುಡುಕಿಕೊಂಡು ಅಂತ ತಿಳಿದವರು ಹೇಳ್ತಾರೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷ ಹಳೇ ಗುಂಡಿಯಲ್ಲಿ ಮನುಷ್ಯನ ಪಕ್ಕಕ್ಕೇ ಒಂದು ಬೆಕ್ಕನ್ನೂ ಹೂತಿದ್ದು ಸಿಕ್ಕಿದೆ ಅಂತ 2004ರಲ್ಲಿ ಪ್ರಕಟವಾಗಿತ್ತು. ಅಷ್ಟು ಹಳೇ ನೆಂಟಸ್ತಿಕೆ ಇದು.

ಆದ್ರೆ ಬೆಕ್ಕನ್ನ ದೇವರು ಮಾಡೋದೂ ಬೇಡ. ಅಮೆರಿಕದ ನ್ಯೂಯಾರ್ಕಿನಲ್ಲಿ ಕಸ ವಿಂಗಡಿಸೋ ಒಂದು ಜಾಗದಲ್ಲಿ ಕ್ಯಾಮೆರಾ ಇಟ್ಟು ಬೆಕ್ಕು ಮತ್ತು ಇಲಿಗಳನ್ನ ಗಮನಿಸಿ 2018ರಲ್ಲಿ ವರದಿ ಮಾಡಿದ್ರು. 79 ದಿನದಲ್ಲಿ ಬೆಕ್ಕುಗಳು ಕೊಂದಿದ್ದು ಎರಡೇ ಇಲಿ. ಅಲ್ಲಿಯವು ದಪ್ಪ ಜಾತಿಯ ಇಲಿ, ತಿರುಗಿ ಬೀಳೋ ಅಂಥವು. ಬೆಕ್ಕು ಹತ್ತಿರ ಇದ್ದಾಗ ಇಲಿಗಳು ಬಯಲಿಗೆ ಬರೋದು ಕಡಿಮೆ ಆಯ್ತು, ಅಷ್ಟೇ. ನಮ್ಮಲ್ಲೂ ಹಾಗೇ. ಹೆಗ್ಗಣದ ತಂಟೆಗೆ ಬುದ್ಧಿವಂತ ಬೆಕ್ಕು ಹೋಗೋದಿಲ್ಲ. ಅದಕ್ಕೆ ಬೋನೇ ಸರಿ. ಉದ್ದ ಮೂತಿಯ ಸೊಂಡಿಲಿಯನ್ನ ಕೊಂದ್ರೂ ನಾತಕ್ಕೆ ತಿನ್ನದೆ ಬಿಟ್ಟು ಹೋಗುತ್ತೆ. ಬೆಕ್ಕಿಗೆ ಸರಿಯಾದ ಬೇಟೆ ಅಂದ್ರೆ ಸಣ್ಣಿಲಿ, ಮನೆ ಇಲಿ, ಅದರಲ್ಲೂ ಅವುಗಳ ಮರಿ. ಉಗ್ರಾಣ ಹಾಳು ಮಾಡೋವೂ ಇವೇ.

ಇಲಿ ತುಂಬಿ ತುಳುಕೋ ಉಗ್ರಾಣಕ್ಕೆ ಒಂದು ಬೆಕ್ಕು ಬಿಟ್ಟು ಕೈ ಕಟ್ಟಿ ಕೂತ್ರೆ ಏನೂ ಆಗೋದಿಲ್ಲ. ಮೊದಲು ಚೀಲ ಎಲ್ಲ ಹೊರಗೆ ಹಾಕಿ, ಬಿಲ ಮುಚ್ಚಿ, ಬೋನಿನಲ್ಲಿ ಹಿಡಿದು ಸಂಖ್ಯೆ ಇಳಿಸಬೇಕು. ಚೀಲವನ್ನ ನೆಲದಿಂದ ಒಂದಡಿ ಎತ್ತರದ ಅಟ್ಟಣೆ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಪೇರಿಸಬೇಕು. ಆ ಸಂದು ಬೆಕ್ಕು ಓಡಾಡೋ ಓಣಿ. ಗೋಡೆಗೆ ಒತ್ತಿ ಪೇರಿಸಿದ್ರೆ ಇಲಿಗೆ ಮಾತ್ರ ಜಾಗ. ಇಷ್ಟಾದ ಮೇಲೆ ಹೊಸದಾಗಿ ಬರೋ ಇಲಿ ನೆಲೆ ನಿಲ್ಲದ ಹಾಗೆ ನೋಡಿಕೊಳ್ಳೋದು ಬೆಕ್ಕಿನ ಕೆಲಸ. ಅದಕ್ಕೆ ಬೆಕ್ಕು ದಿನಾ ರಾತ್ರಿ, ನಮ್ಮನ್ನ ಕೇಳದೆ, ತನಗೆ ಬೇಕಾದ ಹೊತ್ತಿಗೆ ಒಳಗೆ ಹೋಗಿ ಬರಬೇಕು. ಸಂಜೆ ಒಳಗೆ ಕೂಡಿ ಬೆಳಿಗ್ಗೆ ಬಿಡೋದು ಪ್ರಯೋಜನ ಇಲ್ಲ. ಕೂಡಿದ ಬೆಕ್ಕು ಬೇಟೆ ಆಡೋದಿಲ್ಲ, ಬಾಗಿಲು ಪರಚುತ್ತೆ, ಕೊನೆಗೆ ರಾಗಿ ಮೇಲೆಯೇ ಹೇತಿಡುತ್ತೆ.

ಕಂಡಿ ಎಲ್ಲಿ, ಎಷ್ಟು

ಇಂಗ್ಲೆಂಡಿನ ಎಕ್ಸಿಟರ್ ಅನ್ನೋ ಊರಿನ ದೊಡ್ಡ ಚರ್ಚಿನಲ್ಲಿ ಗಡಿಯಾರದ ಕೆಳಗಿನ ಬಾಗಿಲಿಗೆ ಬೆಕ್ಕಿಗಾಗಿ ಕೊರೆದ ಒಂದು ದುಂಡನೆ ಕಂಡಿ ಇದೆ. ಸುಮಾರು 400 ವರ್ಷ ಹಿಂದಿನದು. ಅದಕ್ಕೂ ಹಿಂದೆ, 1305ರಿಂದ 1467ರ ತನಕ, ಆ ಚರ್ಚಿನ ಲೆಕ್ಕದ ಪುಸ್ತಕದಲ್ಲಿ ಬೆಕ್ಕಿನ ಬಾಬ್ತು ವಾರಕ್ಕೆ ಒಂದು ಪೆನ್ನಿ ಬರೆದಿದ್ದಾರಂತೆ. ಸಂಬಳದ ಬೆಕ್ಕು! ಆ ಕಂಡಿಗೆ ಮುಚ್ಚಳ ಇಲ್ಲ. ನಮಗೆ ಹಾಗೆ ಬಿಡೋಕಾಗೋದಿಲ್ಲ, ನಮ್ಮ ಮಳೆ ಗಾಳಿಗೆ, ನಮ್ಮ ಹಾವು ಹುಳಕ್ಕೆ.

ಕಂಡಿ ಯಾವ ದಿಕ್ಕಿಗೆ? ಮುಂಗಾರಿನ ಗಾಳಿ ಪಡುವಣದಿಂದ ಬಡಿಯುತ್ತೆ. ಮೂಡಲ ಕಡೆಗೆ, ಇಲ್ಲ ಸೂರು ಚಾಚಿಕೊಂಡ ಜಗಲಿ ಕಡೆಗೆ ಇರಲಿ. ವಾಸ್ತು ಹೇಳೋರು ಬೆಕ್ಕಿನ ಬಾಗಿಲಿಗೆ ಇನ್ನೂ ದಿಕ್ಕು ಗೊತ್ತು ಮಾಡಿಲ್ಲ, ಅದೊಂದು ಪುಣ್ಯ. ನಾಯಿ ಕಟ್ಟೋ ಜಾಗದಿಂದ, ಕೋಳಿ ಗೂಡಿನಿಂದ ದೂರ ಇರಬೇಕು. ಚಿಲಕ, ಬೀಗದಿಂದ ಮೂರಡಿಯಾದ್ರೂ ದೂರ ಇರಬೇಕು, ಇಲ್ಲಾಂದ್ರೆ ಕಂಡಿಯಲ್ಲಿ ಕೈ ತೂರಿಸಿ ಚಿಲಕ ತೆಗೆಯೋ ಜಾಣರೂ ಇದ್ದಾರೆ.

ಹಲಗೆ ಬಾಗಿಲಾದ್ರೆ ಬಾಗಿಲಿಗೇ ಕೊರೆಯೋದು ಸುಲಭ. ಹಲಸಿನ ಹಳೇ ಬಾಗಿಲು ಕೊರೆಯೋಕೆ ಮನೆ ಹಿರಿಯರು ಒಪ್ಪೋದಿಲ್ಲ, ಒಪ್ಪದಿರೋದೇ ಸರಿ. ಕಬ್ಬಿಣದ ಬಾಗಿಲಾದ್ರೆ ವೆಲ್ಡಿಂಗ್ ಶಾಪಿನಲ್ಲಿ ಕತ್ತರಿಸಿದ ಅಂಚು ಕತ್ತಿ ಹಾಗಿರುತ್ತೆ. ಹಳೇ ಡ್ರಿಪ್ ಪೈಪನ್ನ ಉದ್ದಕ್ಕೆ ಸೀಳಿ ಆ ಅಂಚಿಗೆ ಸಿಕ್ಕಿಸಿ. ಬಾಗಿಲಲ್ಲಿ ಆಗದಿದ್ರೆ ಗೋಡೆ. ಆರಂಗುಲದ ಸಾಲಿಡ್ ಬ್ಲಾಕ್ ಗೋಡೆ ಆದ್ರೆ ತೊಂದರೆ ಇಲ್ಲ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯಾದ್ರೆ ಕಂಡಿ ಅನ್ನೋದು ಸುರಂಗ ಆಗುತ್ತೆ. ಒಳಗೆ ನುಣ್ಣಗೆ ಗಾರೆ ಮಾಡಿಸಿ ಹೊರಗಡೆಗೆ ಚೂರು ಇಳಿಜಾರು ಕೊಡಿಸಿ, ನೀರು ಒಳಗೆ ಬರೋದಿಲ್ಲ.

ಅಳತೆ: ಅಗಲ ಆರಂಗುಲ, ಎತ್ತರ ಏಳಂಗುಲ. ಬೆಕ್ಕಿನ ಮೀಸೆ ಅದರ ಗಜಕೋಲು. ಎರಡೂ ಕಡೆ ಮೀಸೆಗೆ ಇಕ್ಕಟ್ಟಾಗದಿದ್ರೆ ಧೈರ್ಯವಾಗಿ ನುಗ್ಗುತ್ತೆ. ಇದಕ್ಕಿಂತ ದೊಡ್ಡದು ಮಾಡಿದ್ರೆ ನಾಯಿಮರಿ ತೂರುತ್ತೆ. ಕಂಡಿಯ ಕೆಳ ಅಂಚು ನೆಲದಿಂದ ಐದಾರು ಅಂಗುಲ ಮೇಲಿರಬೇಕು, ಅಂದ್ರೆ ನಿಂತ ಬೆಕ್ಕಿನ ಹೊಟ್ಟೆ ಮಟ್ಟಕ್ಕೆ. ನೆಲಕ್ಕೇ ಅಂಟಿಸಿದ್ರೆ ಬೆಕ್ಕು ಬಗ್ಗಬೇಕು, ಕಸ ನೀರು ಒಳಗೆ ಬರುತ್ತೆ. ತೀರ ಎತ್ತರ ಆದ್ರೆ ಮುದಿ ಬೆಕ್ಕು, ಬಸುರಿ ಬೆಕ್ಕು ಹತ್ತಲಾರವು. ಒಳನೆಲ, ಹೊರನೆಲ ಒಂದೇ ಮಟ್ಟ ಇರೋದು ಅಪರೂಪ. ತಗ್ಗಿನ ಕಡೆ ಒಂದು ಚಪ್ಪಡಿ ಕಲ್ಲು ಹಾಕಿ ಸರಿ ಮಾಡಿ. ಕಂಡಿಯ ನೆತ್ತಿಗೆ ನಾಲ್ಕಂಗುಲ ಚಾಚಿದ ತಗಡು ಇರಲಿ.

ಮುಚ್ಚಳ ಯಾವುದು

ಕಂಡಿಗೆ ಮೇಲಿಂದ ಇಳಿಬಿಟ್ಟ, ಒಳಕ್ಕೂ ಹೊರಕ್ಕೂ ತೂಗೋ ಮುಚ್ಚಳ ಬೇಕು. ನಾನು ನೋಡಿದ ಥರಗಳನ್ನ ಹೇಳ್ತೀನಿ.

ಗೋಣಿ ತಾಟು ಎಲ್ಲಕ್ಕಿಂತ ಅಗ್ಗ. ಬೆಕ್ಕಿಗೂ ಇಷ್ಟ. ಮಳೆಗಾಲದಲ್ಲಿ ನೆನೆದು ನಾರುತ್ತೆ, ಇಲಿಯೇ ಕಡಿದು ಹಾಕುತ್ತೆ. ತಗಡು ಬೇಡವೇ ಬೇಡ. ಸದ್ದು ಮಾಡುತ್ತೆ, ಬಾಲ ಕುಯ್ಯುತ್ತೆ. ಪ್ಲೈವುಡ್ಡು ಬೇಸಿಗೆಯಲ್ಲಿ ಚೆನ್ನಾಗಿ ತೂಗುತ್ತೆ, ಆಷಾಢದಲ್ಲಿ ಉಬ್ಬಿ ಕಂಡಿಗೆ ಕಚ್ಚಿಕೊಳ್ಳುತ್ತೆ. ಬೆಕ್ಕು ಒಳಗೆ ಇದ್ದಾಗ ಕಚ್ಚಿಕೊಂಡ್ರೆ ಕಥೆ ಮುಗೀತು. ಲಾರಿ ಟ್ಯೂಬಿನ ರಬ್ಬರು ನಮ್ಮ ಮಳೆಗೆ ಒಳ್ಳೇದು. ಟ್ಯೂಬಿನ ಸಹಜ ಬಾಗು ಹೋಗೋಕೆ ಎರಡು ದಿನ ಬಿಸಿಲಲ್ಲಿ ಕಲ್ಲು ಹೇರಿ ಇಡಬೇಕು. ಹೊಸ ರಬ್ಬರಿನ ವಾಸನೆ ಬೆಕ್ಕಿಗೆ ಆಗೋದಿಲ್ಲ, ಹಳೇದೇ ಆಗಬೇಕು. ಕೆಳ ಅಂಚಿಗೆ ಒಂದು ತೆಳು ಪಟ್ಟಿ ಬೋಲ್ಟು ಮಾಡಿದ್ರೆ ಗಾಳಿಗೆ ಹಾರೋದಿಲ್ಲ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಎರಡು ಮೂರು ಮಿಲಿಮೀಟರ್ ದಪ್ಪದ್ದು. ಬೋರ್ಡು ಬರೆಯೋರ ಹತ್ತಿರ ತುಂಡು ಸಿಗುತ್ತೆ. ಆಚೆ ಏನಿದೆ ಅಂತ ಕಾಣೋದ್ರಿಂದ ಬೆಕ್ಕು ಬೇಗ ನಂಬುತ್ತೆ. ಉಬ್ಬೋದಿಲ್ಲ, ಹಗುರ. ಮೂಲೆ ದುಂಡಗೆ ಉಜ್ಜಿ, ಸುತ್ತ ಎರಡು ಮಿಲಿಮೀಟರ್ ಸಂದು ಬಿಟ್ಟು, ಮೇಲೆ ಒಂದು ಸೈಕಲ್ ಕಡ್ಡಿ ತೂರಿಸಿ ತೂಗುಹಾಕಿ. ಗಾಳಿಗೆ ಪಟಪಟ ಹೊಡೆಯೋದು ತಪ್ಪಿಸೋಕೆ ಕೆಳ ಅಂಚಿಗೆ ಅಯಸ್ಕಾಂತ ಬೇಕು. ಗುಜರಿಗೆ ಹೋಗೋ ಫ್ರಿಜ್ಜಿನ ಬಾಗಿಲ ಸುತ್ತ ಇರೋ ರಬ್ಬರು ಪಟ್ಟಿ ಸೀಳಿದ್ರೆ ಒಳಗೆ ಉದ್ದನೆ ಅಯಸ್ಕಾಂತದ ಎಳೆ ಸಿಗುತ್ತೆ. ಅದರ ಮೂರಂಗುಲ ತುಂಡನ್ನ ಮುಚ್ಚಳಕ್ಕೆ ಅಂಟಿಸಿ, ಎದುರಿಗೆ ಕಂಡಿಯ ಹೊಸ್ತಿಲಿಗೆ ಚಿಕ್ಕ ಕಬ್ಬಿಣದ ಚೂರು. ಹಿಡಿತ ಎಷ್ಟಿರಬೇಕು ಅಂದ್ರೆ, ನಿಮ್ಮ ಕಿರುಬೆರಳಲ್ಲಿ ತಳ್ಳಿದ್ರೆ ಬಿಡಬೇಕು.

ತಯಾರಾದ ಮುಚ್ಚಳಗಳೂ ಈಗ ಇಂಟರ್ನೆಟ್ಟಿನಲ್ಲಿ ತರಿಸಿದ್ರೆ ಬರುತ್ತೆ. ಸಾದಾ ಜಾತಿಯದರಲ್ಲಿ ಒಂದು ಗುಂಡಿ ಇರುತ್ತೆ. ಅದನ್ನ ತಿರುಗಿಸಿದ್ರೆ ಒಳಕ್ಕೆ ಮಾತ್ರ, ಹೊರಕ್ಕೆ ಮಾತ್ರ, ಎರಡೂ ಕಡೆ, ಇಲ್ಲ ಪೂರಾ ಬಂದ್ ಅಂತ ನಾಲ್ಕು ಥರ. ಉಗ್ರಾಣಕ್ಕೆ ಇಷ್ಟು ಧಾರಾಳ ಸಾಕು. ಇನ್ನೊಂದು ಜಾತಿಯಲ್ಲಿ ಬೆಕ್ಕಿನ ಕೊರಳಪಟ್ಟಿಯಲ್ಲಿ ಅಯಸ್ಕಾಂತ, ಅದು ಹತ್ತಿರ ಬಂದ್ರೆ ಮಾತ್ರ ಬಾಗಿಲು ಸಡಿಲ. ಪೇಟೆ ಮನೆಗೆ ಸರಿ. ನಮ್ಮ ಕೊಟ್ಟಿಗೆಯಲ್ಲಿ ಆ ಕೊರಳಪಟ್ಟಿಗೆ ಲಾಳದ ಮೊಳೆ, ತಂತಿ ಚೂರು ಎಲ್ಲ ಅಂಟಿಕೊಂಡು ಬೆಕ್ಕು ಗುಜರಿ ಅಂಗಡಿ ಆಗುತ್ತೆ. ಕೊರಳಪಟ್ಟಿ ಬೇಲಿಗೆ ಸಿಕ್ಕಿಕೊಳ್ಳೋ ಅಪಾಯ ಬೇರೆ. ಮೂರನೇದು ಚಿಪ್ಪಿನದು. ಅಕ್ಕಿಕಾಳಿನಷ್ಟು ಚಿಪ್ಪನ್ನ ಪಶುವೈದ್ಯರು ಸೂಜಿಯಲ್ಲಿ ಬೆಕ್ಕಿನ ಹೆಗಲ ಚರ್ಮದಡಿ ಇಡ್ತಾರೆ, ಬಾಗಿಲು ಆ ಚಿಪ್ಪಿನ ನಂಬರು ಓದಿ ತನ್ನ ಮನೆ ಬೆಕ್ಕಿಗೆ ಮಾತ್ರ ತೆರೆಯುತ್ತೆ. ಬ್ಯಾಟರಿಯಲ್ಲಿ ನಡೆಯುತ್ತೆ. ಕೆಲಸ ಬಹಳ ಚೆನ್ನಾಗಿದೆ. ಬೆಲೆ ಕೇಳಿದ್ರೆ ಇಲಿಯೇ ವಾಸಿ ಅನ್ನಿಸುತ್ತೆ.

ಯಾವ ಮುಚ್ಚಳ ಹಾಕಿದ್ರೂ ಒಂದು ನೆನಪಿರಲಿ. ಅದು ಇಲಿಯನ್ನ ತಡೆಯೋದಿಲ್ಲ. ಬೆಕ್ಕು ತಳ್ಳೋದನ್ನ ದಪ್ಪ ಇಲಿಯೂ ತಳ್ಳಬಲ್ಲದು. ಅದಕ್ಕೇ ಬಾಗಿಲ ಕೆಳಗಿನ ಸಂದಿಗೆ ತಗಡು, ಪೈಪು ಬರೋ ತೂತಿಗೆ ಜಾಲರಿ ಹಾಕಿ, ಒಳಬರೋ ದಾರಿ ಅಂತ ಉಳಿದಿದ್ದು ಬೆಕ್ಕಿನ ವಾಸನೆ ಇರೋ ಅದೊಂದೇ ಕಂಡಿ ಆಗೋ ಹಾಗೆ ಮಾಡಬೇಕು. ಹಾವಿನ ವಿಚಾರವೂ ಅಷ್ಟೇ. ಸರಿಯಾಗಿ ಕೂತ ಮುಚ್ಚಳ ಬರೀ ತೂತಿಗಿಂತ ಎಷ್ಟೋ ವಾಸಿ, ಆದ್ರೆ ಬೀಗ ಅಲ್ಲ. ಇಲಿ ಕಡಿಮೆ ಆದ್ರೆ ಹಾವು ಬರೋ ಕಾರಣವೇ ಕಡಿಮೆ ಆಗುತ್ತೆ. ಹಾಗಿದ್ರೂ ಉಗ್ರಾಣಕ್ಕೆ ಕಾಲಿಡುವಾಗ ಟಾರ್ಚು ಬಿಟ್ಟು ಹೋಗಬೇಡಿ.

ಬೆಕ್ಕಿಗೆ ಕಲಿಸೋದು

ಮುಚ್ಚಳ ಕೂರಿಸಿದ ಮೇಲೆ ಅರ್ಧ ಕೆಲಸ ಆಯ್ತು ಅಷ್ಟೆ. ಎಷ್ಟೋ ಕಡೆ ಚೆಂದದ ಕಂಡಿ ಇದೆ, ಬೆಕ್ಕು ಮಾತ್ರ ಹೊರಗೆ. ಕೇಳಿದ್ರೆ, "ಕುತ್ತಿಗೆ ಹಿಡಿದು ತೂರಿಸಿದ್ವಿ, ಆದ್ರೂ ಕಲೀಲಿಲ್ಲ" ಅಂತಾರೆ. ತೂರಿಸಿದ್ದಕ್ಕೇ ಕಲಿಯಲಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕಿಗೆ ಮೊದಲ ದಿನವೇ ಸುಡೋ ಹಾಲು ಇಟ್ಟು, ಅದು ಆಮೇಲೆ ಹಾಲು ಕಂಡ್ರೆ ಓಡ್ತಿತ್ತಲ್ಲ, ಆ ಕಥೆಯೇ ಇದು. ಮೊದಲ ದಿನ ಮುಚ್ಚಳ ಮೂಗಿಗೆ ಬಡಿದ್ರೆ, ಬಾಲ ಸಿಕ್ಕಿಕೊಂಡ್ರೆ ಬೆಕ್ಕು ಅದನ್ನ ಬಹಳ ಕಾಲ ಮರೆಯೋದಿಲ್ಲ.

ಬಣ್ಣ, ಅಂಟು, ಫಿನೈಲು ಏನೇ ವಾಸನೆ ಇದ್ರೂ ಅದು ಹಾರೋ ತನಕ ಕಾಯಿರಿ. ಆಮೇಲೆ ಮುಚ್ಚಳವನ್ನ ಮೇಲಕ್ಕೆತ್ತಿ ದಾರ ಹಾಕಿ ಮೊಳೆಗೆ ಕಟ್ಟಿಬಿಡಿ. ಜಾರಿ ಬೀಳದ ಹಾಗೆ ಗಟ್ಟಿಯಾಗಿ. ಬೆಕ್ಕು ಮಲಗೋ ಹಳೇ ಬಟ್ಟೆಯಿಂದ ಕಂಡಿಯ ಅಂಚನ್ನೆಲ್ಲ ಉಜ್ಜಿ. ತನ್ನದೇ ವಾಸನೆ ಇದ್ರೆ ಅದು ತನ್ನ ಜಾಗ. ಸಂಜೆ ಹಾಲು ಕರೆಯೋ ಹೊತ್ತಿಗೆ ಬೆಕ್ಕು ತಾನಾಗಿ ಕಾಲು ಸುತ್ತುತ್ತಲ್ಲ, ಅದೇ ಪಾಠದ ಹೊತ್ತು. ಊಟದ ತಟ್ಟೆಯನ್ನ ಕಂಡಿಯ ಒಳಗಡೆ ಒಂದಡಿ ದೂರಕ್ಕಿಡಿ. ಮೀನು ತಿನ್ನೋ ಮನೆಯಾದ್ರೆ ಸುಟ್ಟ ಒಣಮೀನಿನ ತುಂಡಿಗಿಂತ ದೊಡ್ಡ ಮೇಷ್ಟ್ರಿಲ್ಲ. ತಿನ್ನದ ಮನೆಯಾದ್ರೆ ಮೊಸರನ್ನಕ್ಕೆ ಚೂರು ತುಪ್ಪ. ಹಾಲು ಹೆಚ್ಚು ಬೇಡ, ದೊಡ್ಡ ಬೆಕ್ಕುಗಳಿಗೆ ಭೇದಿ ಆಗುತ್ತೆ. ಮೂರು ನಾಲ್ಕು ದಿನ ಇಷ್ಟೇ. ಹೊಟ್ಟೆ ತುಂಬ ಹಾಕಿದ್ರೆ ಇಲಿ ಹಿಡಿಯೋದಿಲ್ಲ ಅನ್ನೋದು ಸುಳ್ಳು. ಉಂಡ ಬೆಕ್ಕೂ ಬೇಟೆ ಆಡುತ್ತೆ. ಹಸಿದ ಬೆಕ್ಕು ಊರು ಸುತ್ತುತ್ತೆ.

ಬೆಕ್ಕು ಹೆದರದೆ ಹೋಗಿ ಬರೋದು ಕಂಡ ಮೇಲೆ ದಾರ ಚೂರು ಸಡಿಲಿಸಿ. ಮುಚ್ಚಳ ಕಾಲುಭಾಗ ಇಳಿಯಲಿ, ಬೆನ್ನಿಗೆ ಸವರಿಕೊಂಡು ಹೋಗಲಿ. ಎರಡು ದಿನ ಬಿಟ್ಟು ಅರ್ಧ. ಮತ್ತೆರಡು ದಿನಕ್ಕೆ ಮುಕ್ಕಾಲು. ಕೊನೆಗೆ ಎರಡಂಗುಲ ಸಂದು ಉಳಿದಾಗ ಬೆಕ್ಕು ಮೂತಿ ಹಾಕಿ ಎತ್ತುತ್ತೆ, ಇಲ್ಲ ಪಂಜ ಹಾಕಿ ಕೆರೆಯುತ್ತೆ. ಅದು ಕಲಿತ ಗುರುತು. ಅಯಸ್ಕಾಂತದ ಚೂರನ್ನ ಎಲ್ಲ ಮುಗಿದ ಮೇಲೆ ಹಾಕಿ, ಮೊದಲೇ ಅಲ್ಲ. ಎಲ್ಲಾದ್ರೂ ಬೆಕ್ಕು ಹಿಂದೇಟು ಹಾಕಿದ್ರೆ ದಾರ ಮತ್ತೆ ಎತ್ತಿ ಹಿಂದಿನ ಪಾಠಕ್ಕೆ ಹೋಗಿ. ಮುಚ್ಚಳ ಬಿದ್ದಾಗ ಸದ್ದಾದ್ರೆ ಹೊಸ್ತಿಲಿಗೆ ಹಳೇ ಕಂಬಳಿ ತುಂಡಿನ ಪಟ್ಟಿ ಅಂಟಿಸಿ.

ಒಳಗೆ ಹೋಗೋದು, ಹೊರಗೆ ಬರೋದು ಎರಡು ಬೇರೆ ಪಾಠ ಅನ್ನೋದು ಬಹಳ ಜನಕ್ಕೆ ಹೊಳೆಯೋದಿಲ್ಲ. ಒಳಗೆ ಕತ್ತಲೆ, ಹೊರಗೆ ಬೆಳಕು. ಬೆಳಕಿನ ಕಡೆಗೆ ಬರೋದು ಬೆಕ್ಕಿಗೆ ಸುಲಭ, ಕತ್ತಲೆಗೆ ನುಗ್ಗೋದು ಕಷ್ಟ. ಇಬ್ಬರಿದ್ರೆ ಒಬ್ಬರು ಒಳಗೆ, ಒಬ್ಬರು ಹೊರಗೆ ಕೂತು ಸರದಿಯಲ್ಲಿ ಹೆಸರು ಹಿಡಿದು ಕರೀಬೇಕು. ಮಕ್ಕಳಿಗೆ ಈ ಕೆಲಸ ಬಲು ಇಷ್ಟ, ಆದ್ರೆ ನಗಬಾರದು, ಕೂಗಬಾರದು ಅಂತ ಹೇಳಿಡಿ. ಇನ್ನೊಂದು ಮುಖ್ಯ: ಪಾಠ ನಡೆಯೋ ದಿನಗಳಲ್ಲಿ ಬೆಕ್ಕು ಕೂಗಿತು ಅಂತ ದೊಡ್ಡ ಬಾಗಿಲು ತೆಗೀಬೇಡಿ. ಕೂಗಿದ್ರೆ ಬಾಗಿಲು ತೆರೆಯುತ್ತೆ ಅಂತ ಗೊತ್ತಾದ ಬೆಕ್ಕು ಕಂಡಿಗೆ ಯಾಕೆ ತಲೆ ತೂರಿಸುತ್ತೆ? ನಮ್ಮ ಮನೆಯಲ್ಲಿ ಬೂದು ಬೆಕ್ಕಿಗೆ ಹನ್ನೆರಡು ದಿನ ಹಿಡೀತು. ಎರಡು ವಾರ ಆದ್ರೂ ಆಗದಿದ್ರೆ ಕಂಡಿಯ ಜಾಗದಲ್ಲೇ ಏನೋ ತೊಂದರೆ ಇದೆ. ಹೆಚ್ಚಾಗಿ ಅಲ್ಲಿ ನಾಯಿ ಮಲಗಿರುತ್ತೆ, ಇಲ್ಲ ಇನ್ನೊಂದು ಬೆಕ್ಕು ಕಾದಿರುತ್ತೆ.

ಆ ಇನ್ನೊಂದು ಬೆಕ್ಕೇ ದೊಡ್ಡ ತಲೆನೋವು. ಊರಿನ ಗಂಡು ಬೆಕ್ಕಿಗೆ ಕಂಡಿ ಗೊತ್ತಾದ್ರೆ ಒಳಗೆ ಬಂದು ಚೀಲಕ್ಕೆ ಉಚ್ಚೆ ಸಿಡಿಸಿ ಹೋಗುತ್ತೆ, ಮರಿ ಇದ್ರೆ ಕೊಲ್ಲುತ್ತೆ. ಕಾಫಿ ಹಣ್ಣಿನ ಕಾಲದಲ್ಲಿ ಪುನುಗಿನ ಬೆಕ್ಕೂ ಇಣುಕೋದುಂಟು. ಊಟದ ತಟ್ಟೆ ಒಳಗಿಡೋದು ಪಾಠದ ದಿನಗಳಿಗೆ ಮಾತ್ರ, ಆಮೇಲೆ ಅಡುಗೆಮನೆ ಹಿಂದೆಯೇ ಹಾಕಿ. ಒಳಗೆ ಅನ್ನ ಇಲ್ಲ ಅಂದ್ರೆ ಹೊರಗಿನವು ಬರೋದು ಅರ್ಧ ಕಡಿಮೆ. ನಿಮ್ಮ ಬೆಕ್ಕಿಗೆ ಸಂತಾನಹರಣ ಮಾಡಿಸಿದ್ರೆ ಮಿಕ್ಕಿದ್ದೂ ಕಡಿಮೆ. ಹೊರಗೆ ಹೋಗಿ ಬರೋ ಬೆಕ್ಕು ಕಚ್ಚಾಟಕ್ಕೆ ಬೀಳೋದೇ. ಪಶು ಆಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ ಹುಚ್ಚು ರೋಗದ ಲಸಿಕೆ ಹಾಕಿಸಿ. ಬೆಕ್ಕು ಕಚ್ಚಿದ್ರೂ ಪರಚಿದ್ರೂ ನಾಯಿ ಕಚ್ಚಿದಷ್ಟೇ ಜಾಗ್ರತೆ ಬೇಕು. ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಮರಿಗೆ ಬೇರೆ ಚಿಕ್ಕ ಕಂಡಿ ಬೇಕಾ ಅಂತ ಒಬ್ಬರು ಕೇಳಿದ್ರು. ದೊಡ್ಡ ವಿಜ್ಞಾನಿ ನ್ಯೂಟನ್ ತಾಯಿ ಬೆಕ್ಕಿಗೆ ದೊಡ್ಡ ಕಂಡಿ, ಮರಿಗೆ ಸಣ್ಣ ಕಂಡಿ ಅಂತ ಎರಡು ಕೊರೆಸಿದ್ದ ಅಂತ ಒಂದು ಕಥೆ ಓಡಾಡುತ್ತೆ. ಅದು ಬರೀ ಹಾಸ್ಯ, ಆಧಾರ ಇಲ್ಲ. ಮರಿಯೂ ಅದರಲ್ಲೇ ಹೋಗುತ್ತೆ. ಎರಡೂವರೆ ಮೂರು ತಿಂಗಳ ಮರಿಗೆ ಕಂಡಿಯ ಎರಡೂ ಕಡೆ ಒಂದೊಂದು ಇಟ್ಟಿಗೆ ಮೆಟ್ಟಿಲು ಹಾಕಿಕೊಟ್ರೆ ಸಾಕು, ಪಾಠ ಹೇಳೋ ಕೆಲಸ ತಾಯಿಯದು. ಅದರ ಬಾಲದ ಹಿಂದೆಯೇ ತೂರಿ ಎರಡು ಮೂರು ದಿನದಲ್ಲಿ ಕಲಿತುಬಿಡುತ್ತೆ. ಉಗ್ರಾಣಕ್ಕೆ ಬೆಕ್ಕು ಸಾಕಬೇಕು ಅನ್ನೋರು ಎಲ್ಲೋ ಸಿಕ್ಕ ಮರಿ ತರೋ ಬದಲು, ಕಂಡಿ ಇರೋ ಮನೆಯಲ್ಲಿ ಹುಟ್ಟಿ, ತಾಯಿ ಹಿಡಿದುಕೊಟ್ಟ ಇಲಿ ತಿಂದು ಬೆಳೆದ ಮರಿ ಕೇಳಿ ತರೋದು ಜಾಣತನ. ತರುವಾಗ ಅದು ಮಲಗುತ್ತಿದ್ದ ಬಟ್ಟೆಯನ್ನೂ ಕೇಳಿ ತನ್ನಿ, ಹೊಸ ಕಂಡಿಯ ಅಂಚಿಗೆ ಉಜ್ಜೋಕೆ ಬೇಕಾಗುತ್ತೆ.